ಎಲ್ಲರೂ ಸೇರಿ ಮಾಡಿದ ಕನ್ನಡ ಸಾಫ್ಟ್‌ವೇರ್ ಸೆಟ್ ಮಾರ್ಬೇಕು, ಲಾಭ ಹಂಚ್ಕೊಳ್ಳೋದು ಹೇಗೆ?

ಪದ್ಮನಾಭನಗರ_ಕೀಲಿಮಣೆ

ಎಲ್ಲರಿಗೂ ನಮಸ್ಕಾರ. ನಾವು ಹನ್ನೊಂದು ಜನ ಇದೀವಿ, ಎಲ್ಲಾ ಬೆಂಗಳೂರಲ್ಲೇ, ಸುಮಾರು ಜನ ಐಟಿ ಕಂಪನೀಲಿ ಕೆಲಸ, ಇಬ್ರು ಇನ್ನೂ ಇಂಜಿನಿಯರಿಂಗ್ ಓದ್ತಿದಾರೆ, ಒಬ್ರು ರಿಟೈರ್ಡ್ ಕನ್ನಡ ಮೇಷ್ಟ್ರು. ಶನಿವಾರ ಶನಿವಾರ ಜಯನಗರದಲ್ಲಿ ಸೇರಿ ಕನ್ನಡಕ್ಕೆ ಬೇಕಾದ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡ್ತಾ ಬಂದಿದೀವಿ. ನುಡಿ ಆಸ್ಕಿಲಿರೋ (ಆ ಹಳೇ ಫಾಂಟ್ ಇದ್ರೆ ಮಾತ್ರ ಸರಿಯಾಗಿ ಕಾಣೋ) ಫೈಲ್ ಯೂನಿಕೋಡ್‌ಗೆ (ಈಗ ಎಲ್ಲಾ ಕಡೆ ಓದೋಕಾಗೋ ಅಕ್ಷರ ಪದ್ಧತಿ) ಬದಲಾಯಿಸೋ ಕನ್ವರ್ಟರ್, ಕಾಗುಣಿತ ತಪ್ಪು ತೋರಿಸೋ ಟೂಲ್, ಮಕ್ಕಳಿಗೆ ಟೈಪಿಂಗ್ ಕಲಿಸೋ ಆಟ, ಅಂಗಡಿಯವ್ರಿಗೆ ಕನ್ನಡ ಬಿಲ್ಲು, ಲಗ್ನಪತ್ರಿಕೆ ಡಿಸೈನ್‌ಗಳು, ಜೊತೆಗೆ ಒಂದೆರಡು ಫಾಂಟು.

ಇಲ್ಲೀವರೆಗೂ ಎಲ್ಲಾ ಫ್ರೀ. ಈಗ ಸುಲ್ತಾನ್‌ಪೇಟೆ ಕಡೆ ಪ್ರಿಂಟಿಂಗ್‌ನವ್ರೇ ಕೇಳ್ತಿದಾರೆ, ದುಡ್ಡು ಕೊಡ್ತೀವಿ, ಎಲ್ಲಾ ಸೇರಿಸಿ ಒಂದು ಸೆಟ್ ಮಾಡಿ ಕೊಡಿ, ಕೈ ಕೊಟ್ಟಾಗ ಫೋನ್ ಎತ್ತೋರು ಒಬ್ರು ಇರ್ಲಿ ಅಂತ. ಸೆಟ್‌ಗೆ 750 ರೂಪಾಯಿ ಇಟ್ಟು ಡೌನ್‌ಲೋಡ್ ಲಿಂಕ್ ಕೊಡೋಣ, ಬಂದ ಲಾಭ ಹಂಚ್ಕೊಳ್ಳೋಣ ಅಂತ ಮಾತಾಗಿದೆ. ಹಂಚೋದ್ರಲ್ಲೇ ಸಿಕ್ಕಾಕೊಂಡಿದೀವಿ. ಸಮ ಪಾಲು ಅಂದ್ರೆ, ಕನ್ವರ್ಟರ್ ಮಾಡಿದವ್ನು ವಾರ ವಾರ ಅದಕ್ಕೆ ಕೂತ್ಕೊಳ್ತಾನೆ, ಫಾಂಟ್ ಮಾಡಿದವ್ರ ಕೆಲಸ ಒಂದ್ಸಲಕ್ಕೆ ಮುಗೀತು. ಕೋಡ್ ಎಷ್ಟು ಸಾಲು ಬರೆದಿದಾರೆ ಅಂತ ನೋಡಿದ್ರೆ ಮೇಷ್ಟ್ರಿಗೆ ಏನೂ ಸಿಗಲ್ಲ, ಆದ್ರೆ ಕಾಗುಣಿತದ ಪದಪಟ್ಟಿ ಪೂರ್ತಿ ಅವ್ರೇ ಕೂತು ತಿದ್ದಿರೋದು, ಅದಿಲ್ದೆ ಆ ಟೂಲೇ ಇಲ್ಲ. ದುಡ್ಡು ಯಾರ ಅಕೌಂಟ್‌ಗೆ ಬರ್ಬೇಕು, ಒಳಗಡೆ ಜಿಪಿಎಲ್ (ಯಾರು ಬೇಕಾದ್ರೂ ಬಳಸಿ, ತಿದ್ದಿ, ಹಂಚ್ಬಹುದು ಅನ್ನೋ ಲೈಸೆನ್ಸ್) ಕೋಡ್ ಇದ್ರೆ ಮಾರ್ಬಹುದಾ, ಇವೂ ಗೊತ್ತಾಗ್ಬೇಕು. ಒಬ್ರಿಗೊಬ್ರು ಮನಸ್ಸು ಮುರೀದೆ ಇದು ಆಗ್ಬೇಕು ಅಂತ ನಂಗೆ ತುಂಬಾ ಇದೆ. ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.

ಮಲ್ಲೇಶ್ವರಂ_ಕೋಡು

ಜಿಪಿಎಲ್ ಇದ್ರೂ ಮಾರ್ಬಹುದು, ಎಷ್ಟು ಬೆಲೆಗೆ ಬೇಕಾದ್ರೂ. ಆದ್ರೆ ತಗೊಂಡವ್ರಿಗೆ ಸೋರ್ಸ್ ಕೋಡ್, ಅಂದ್ರೆ ಪ್ರೋಗ್ರಾಮರ್ ಬರೆದ ಮೂಲ ಕೋಡ್, ಸಿಗ್ಬೇಕು, ಅವ್ರು ಇನ್ನೊಬ್ರಿಗೆ ಕಾಪಿ ಕೊಟ್ರೆ ನೀವು ಬೇಡ ಅನ್ನೋ ಹಾಗಿಲ್ಲ. ಹಾಗಾಗಿ ಬರೀ ಫೈಲ್‌ಗೆ ದುಡ್ಡು ಅಂತ ಹೊರಟ್ರೆ ಬಹಳ ದಿನ ನಡೆಯಲ್ಲ, ಅಪ್‌ಡೇಟು, ಇನ್‌ಸ್ಟಾಲ್ ಮಾಡ್ಕೊಡೋದು, ಫೋನಲ್ಲಿ ಸಿಗೋದು, ಇದಕ್ಕೇ ಜನ ದುಡ್ಡು ಕೊಡೋದು. ಸೆಟ್‌ನಲ್ಲಿ ಒಂದು ಜಿಪಿಎಲ್ ಪ್ರೋಗ್ರಾಮ್ ಇದ್ದ ಮಾತ್ರಕ್ಕೆ ಪಕ್ಕದಲ್ಲಿರೋದೂ ಜಿಪಿಎಲ್ ಆಗಲ್ಲ, ಎರಡೂ ತಮ್ಮಷ್ಟಕ್ಕೆ ತಾವು ಓಡ್ತಿದ್ರೆ. ಜಿಪಿಎಲ್ ಲೈಬ್ರರೀನ (ಬೇರೆಯವ್ರು ಬರೆದಿಟ್ಟ ಕೋಡ್) ಒಳಗೇ ಸೇರಿಸಿ ಒಂದೇ ಪ್ರೋಗ್ರಾಮ್ ಮಾಡಿದ್ರೆ ಆಗ ಬೇರೆ ಮಾತು. ಫಾಂಟ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದ್ರೆ ಅದೊಂದನ್ನೇ ಮಾರೋ ಹಾಗಿಲ್ಲ, ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರ್ಬಹುದು, ಲೈಸೆನ್ಸ್ ಫೈಲ್ ಜೊತೇಲಿಡಿ.

ನಂಗೆ ಇದಕ್ಕಿಂತ ಹೆಚ್ಚು ಚಿಂತೆ ಇರೋದು ನಿಮ್ಮಲ್ಲಿ ಐಟಿ ಕೆಲಸದಲ್ಲಿರೋರ ಬಗ್ಗೆ. 1957ರ ಕಾಪಿರೈಟ್ ಕಾಯ್ದೆ ಸೆಕ್ಷನ್ 17ರ ಪ್ರಕಾರ, ಬೇರೆ ಒಪ್ಪಂದ ಇಲ್ದಿದ್ರೆ, ನೌಕರಿಯ ಭಾಗವಾಗಿ ಮಾಡಿದ್ದು ಕಂಪನಿಗೇ ಸೇರತ್ತೆ. ಶನಿವಾರ ಸ್ವಂತ ಲ್ಯಾಪ್‌ಟಾಪಲ್ಲಿ ಮಾಡಿದ್ದು ಅದ್ರಲ್ಲಿ ಬರಲ್ಲ ಅಂತ ವಾದ ಮಾಡ್ಬಹುದು, ಆದ್ರೆ ಎಷ್ಟೋ ಅಪಾಯಿಂಟ್‌ಮೆಂಟ್ ಲೆಟರ್‌ಗಳಲ್ಲಿ ಕಾಯ್ದೆಗಿಂತ ಬಿಗಿಯಾಗಿ ಬರ್ಸಿರ್ತಾರೆ, ಹೊರಗಡೆ ಆದಾಯದ ಕೆಲಸ ಮಾಡೋ ಹಾಗಿಲ್ಲ ಅಂತ್ಲೂ ಇರತ್ತೆ. ಫ್ರೀಯಾಗಿ ಕೊಡ್ತಿದ್ದಾಗ ಯಾರೂ ತಲೆ ಕೆಡಿಸ್ಕೊಳಲ್ಲ, ದುಡ್ಡು ಬಂದ ದಿನ ಕೇಳ್ತಾರೆ. ಪ್ರತಿಯೊಬ್ರೂ ತಮ್ಮ ಲೆಟರ್ ತೆಗೆದು ಓದ್ಲಿ, ಬೇಕಾದ್ರೆ ಎಚ್‌ಆರ್ ಹತ್ರ ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಲಿ. ಒಬ್ರದ್ದು ಸರಿಯಿಲ್ದಿದ್ರೂ ಇಡೀ ಸೆಟ್ ಸಿಕ್ಕಾಕೊಳತ್ತೆ.

ಹೆಬ್ಬಾಳ_ಲೂಪ್

2010ರಲ್ಲಿ ಹಂಬಲ್ ಇಂಡೀ ಬಂಡಲ್ ಅಂತ ಬಂತಲ್ಲ, ಬೇರೆ ಬೇರೆಯವ್ರು ಮಾಡಿದ ಗೇಮ್‌ಗಳನ್ನ ಒಟ್ಟಿಗೆ ಇಟ್ಟು ಇಷ್ಟ ಬಂದಷ್ಟು ಕೊಡಿ ಅಂದ್ರು, ಕೊಟ್ಟ ದುಡ್ಡಲ್ಲಿ ಯಾವ ಡೆವಲಪರ್‌ಗೆ ಎಷ್ಟು, ಚಾರಿಟಿಗೆ ಎಷ್ಟು ಅಂತ ಕೊಳ್ಳೋರೇ ತೀರ್ಮಾನ ಮಾಡ್ಬಹುದಿತ್ತು. ಆ ಏರ್ಪಾಡು ನಂಗೆ ತುಂಬಾ ಇಷ್ಟ, ಆದ್ರೆ ನಿಮಗೆ ಹೊಂದಲ್ಲ ಅನ್ಸತ್ತೆ. ಗೇಮ್ ಆಡೋರಿಗೆ ಯಾವ ಗೇಮ್ ಇಷ್ಟ ಅಂತ ಗೊತ್ತಿರತ್ತೆ, ಪ್ರೆಸ್‌ನವ್ರಿಗೆ ಪದಪಟ್ಟಿ ಯಾರು ತಿದ್ದಿದ್ರು ಅಂತ ಎಲ್ಲಿಂದ ಗೊತ್ತಾಗ್ಬೇಕು.

ನಾವು ನಾಲ್ಕು ಜನ ಒಂದು ಆ್ಯಪ್ ಮಾರ್ತೀವಿ. ಬಂದ ದುಡ್ಡಲ್ಲಿ ಖರ್ಚು ಕಳೆದು, ಉಳಿದಿದ್ರಲ್ಲಿ ಅರ್ಧ ಸಮವಾಗಿ, ಇನ್ನರ್ಧ ಪಾಯಿಂಟ್ ಲೆಕ್ಕ. ಪಾಯಿಂಟ್ ಕೊಡೋದು ಆರಾರು ತಿಂಗಳಿಗೊಮ್ಮೆ, ಆ ಆರು ತಿಂಗಳಲ್ಲಿ ಯಾರು ಏನು ಮಾಡಿದ್ರು ಅಂತ ಎಲ್ಲರೂ ಒಟ್ಟಿಗೆ ಕೂತು ನೋಡಿ, ಬಗ್ ಸರಿ ಮಾಡಿದ್ದು, ಟೆಸ್ಟ್ ಮಾಡಿದ್ದು, ಹೆಲ್ಪ್ ಪೇಜ್ ಬರೆದದ್ದು ಎಲ್ಲಾ ಬರತ್ತೆ. ಹಳೇ ಕೆಲಸಕ್ಕೆ ಸಮ ಪಾಲು, ಈಗಿನ ಕೆಲಸಕ್ಕೆ ಪಾಯಿಂಟು. ಬಿಟ್ಟು ಹೋಗೋರಿಗೆ ಸಮ ಪಾಲು ಎರಡು ವರ್ಷ ನಡೆಯತ್ತೆ, ಆಮೇಲೆ ನಿಲ್ಲತ್ತೆ. ಬಿಟ್ಟು ಹೋಗೋರ ವಿಷಯ ಮಾತ್ರ ಮೊದ್ಲೇ ಮಾತಾಡಿ, ಯಾರೋ ಕೆನಡಾಗೆ ಹೊರಟ ಮೇಲೆ ಮಾತಾಡೋಕೆ ಆಗಲ್ಲ.

ಡಿಟಿಪಿ_ಚಾಮರಾಜಪೇಟೆ

ನಮಸ್ತೆ ಸಾರ್. ನಾನು ಡಿಟಿಪಿ ಅಂಗಡಿ ಇಟ್ಕೊಂಡಿರೋಳು, ಕೋಡ್ ವಿಷಯ ಗೊತ್ತಿಲ್ಲ, ದುಡ್ಡು ಕೊಡೋರ ಕಡೆಯಿಂದ ಹೇಳ್ತೀನಿ. ನಮ್ಮ ಹತ್ರ ಹಳೇ ಮ್ಯಾಟರ್ ಎಲ್ಲಾ ಆಸ್ಕೀಲೇ ಇರೋದು. ಅದ್ರಲ್ಲಿ ಅರ್ಕಾವತ್ತನ್ನ ಅಕ್ಷರ ಆದ್ಮೇಲೆ ಒತ್ತಿರ್ತೀವಿ, ಯೂನಿಕೋಡಲ್ಲಿ ರಕಾರ ಮೊದ್ಲು ಬರ್ಬೇಕು. ಕನ್ವರ್ಟರ್ ಅದನ್ನ ಹಿಂದಕ್ಕೆ ತಳ್ಳದೇ ಇದ್ರೆ ಆಶೀರ್ವಾದ ಅನ್ನೋದು ಆಶೀವಾರ್ದ ಅಂತ ಬರತ್ತೆ, ಸೂರ್ಯ ಸೂಯರ್ ಆಗತ್ತೆ. ನ್ಯೂಸ್ ಪೇಪರ್ ಆದ್ರೆ ನಾಳೆ ಹೋಯ್ತು, ಲಗ್ನಪತ್ರಿಕೆಲಿ ವರನ ತಂದೆ ಹೆಸರು ಹಂಗೆ ಬಂದ್ರೆ ಮದುವೆ ಮನೆಯವ್ರು ಕಾರ್ಡೇ ವಾಪಸ್ ತರ್ತಾರೆ, ಪೇಪರ್ರು ಇಂಕು ಎಲ್ಲಾ ನಮ್ಮ ತಲೆ ಮೇಲೆ.

ನನ್ನ ಹತ್ರ ಒಂದು ಕನ್ವರ್ಟರ್ ಇತ್ತು, ದುಡ್ಡು ಕೊಟ್ಟೇ ತಗೊಂಡಿದ್ದು, ಆಷಾಢ ಮುಗಿದು ಶ್ರಾವಣದ ಸೀಸನ್ ಶುರುವಾದಾಗ ಕೈ ಕೊಡ್ತು, ಕೊಟ್ಟವ್ರು ಫೋನೇ ಎತ್ತಲಿಲ್ಲ, ರಾತ್ರಿ ಎಲ್ಲಾ ಕೂತು ಕೈಯಲ್ಲೇ ತಿದ್ದಿದೀನಿ. ಅದಕ್ಕೇ ಹೇಳ್ತಿದೀನಿ, ಸೆಟ್‌ನಲ್ಲಿ ಹತ್ತು ಐಟಂ ಇದ್ರೂ ನಾವು ದುಡ್ಡು ಕೊಡೋದು ಒಂದೆರಡಕ್ಕೆ ಮತ್ತೆ ಆ ಫೋನಿಗೆ. ಫೋನ್ ಎತ್ತೋ ಹುಡುಗನಿಗೆ ಮೊದ್ಲು ಕೊಡಿ, ಆಮೇಲೆ ಲಾಭ ಅನ್ನಿ. ಅವ್ನಿಗೂ ಉಳಿದವ್ರಷ್ಟೇ ಅಂದ್ರೆ ಎರಡನೇ ಸೀಸನ್‌ಗೆ ಅವ್ನು ಎತ್ತಲ್ಲ. 750 ಕಮ್ಮೀನೇ, ವರ್ಷಕ್ಕೆ ಇಷ್ಟು ಅಂತ ಸಪೋರ್ಟ್‌ಗೆ ಬೇರೆ ಇಡಿ, ನಾವು ಕೊಡ್ತೀವಿ.

ಲೆಕ್ಕ_ಬಸವನಗುಡಿ

ಮೇಲಿನ ಮೇಡಂ ಹೇಳಿದ್ದು ಲೆಕ್ಕದ ಪುಸ್ತಕಕ್ಕೂ ಸರಿ ಹೋಗತ್ತೆ. ನಾನು ಅಕೌಂಟ್ಸ್ ನೋಡೋಳು, ನಿಮ್ಮಂಥ ಗುಂಪುಗಳು ಬರ್ತಾನೇ ಇರ್ತವೆ.

ಒಬ್ಬರ ಸೇವಿಂಗ್ಸ್ ಅಕೌಂಟ್‌ಗೆ ಎಲ್ಲಾ ದುಡ್ಡು ಹಾಕಿಸ್ಕೊಂಡು ಜಿಪೇಲಿ ಹಂಚೋದು ಬೇಡ. ಅಷ್ಟೂ ಅವರ ಆದಾಯ ಅಂತ ಕಾಣತ್ತೆ. ಇನ್ನೊಂದು, ಸೇರಿ ವ್ಯಾಪಾರ ಮಾಡಿ ಲಾಭ ಹಂಚ್ಕೊಳ್ಳೋಣ ಅಂತ ಒಪ್ಪಿದ್ರೇ ಸಾಕು, ಕಾಗದ ಇಲ್ದಿದ್ರೂ 1932ರ ಪಾರ್ಟ್ನರ್‌ಶಿಪ್ ಕಾಯ್ದೆ ನಿಮಗೆ ಅನ್ವಯ ಆಗ್ಬಹುದು. ಆಗ ಬೇರೆ ಮಾತು ಆಗಿಲ್ದಿದ್ರೆ ಎಲ್ಲರಿಗೂ ಸಮ ಪಾಲು, ನಷ್ಟಾನೂ ಸಮ, ವ್ಯಾಪಾರದ ಸಾಲಕ್ಕೆ ಒಬ್ಬೊಬ್ರೂ ಪೂರ್ತಿ ಜವಾಬ್ದಾರಿ. ಹೆಬ್ಬಾಳದವ್ರು ಹೇಳಿದ ಪಾಯಿಂಟ್ ಲೆಕ್ಕ ಬೇಕಿದ್ರೆ ಡೀಡ್‌ನಲ್ಲಿ, ಅಂದ್ರೆ ಪಾಲುದಾರಿಕೆ ಒಪ್ಪಂದ ಪತ್ರದಲ್ಲಿ, ಬರೀಲೇಬೇಕು. ಸಪೋರ್ಟ್ ಮಾಡೋರಿಗೆ ಕೊಡೋದನ್ನೂ ಕೆಲಸ ಮಾಡೋ ಪಾಲುದಾರರ ಸಂಬಳ ಅಂತ ಡೀಡ್‌ನಲ್ಲಿ ಕಾಣಿಸಿದ್ರೆ ಮಾತ್ರ, ಮಿತಿಯೊಳಗೆ, ಲಾಭದಿಂದ ಕಳೆಯೋಕೆ ಆಗೋದು. ಉಳಿದ ಲಾಭಕ್ಕೆ ಫರ್ಮ್ 30 ಪರ್ಸೆಂಟ್ ಟ್ಯಾಕ್ಸ್, ಮೇಲೆ ಸೆಸ್ ಕಟ್ಟತ್ತೆ, ಹಂಚಿದ ಲಾಭದ ಮೇಲೆ ನಿಮಗೆ ಮತ್ತೆ ಟ್ಯಾಕ್ಸ್ ಇಲ್ಲ. 2008ರ ಕಾಯ್ದೆಯ ಎಲ್‌ಎಲ್‌ಪಿ (ಜವಾಬ್ದಾರಿಗೆ ಮಿತಿ ಇರೋ ಪಾಲುದಾರಿಕೆ) ಮಾಡಿದ್ರೆ ನಿಮ್ಮ ಸ್ವಂತ ಆಸ್ತಿಗೆ ರಕ್ಷಣೆ ಜಾಸ್ತಿ, ಆದ್ರೆ ವ್ಯಾಪಾರ ಇರ್ಲಿ ಇಲ್ದಿರ್ಲಿ ವರ್ಷಾ ವರ್ಷ ಫಾರ್ಮ್ 8 (ಲೆಕ್ಕಪತ್ರ), ಫಾರ್ಮ್ 11 (ವಾರ್ಷಿಕ ವಿವರ) ಹಾಕ್ಬೇಕು. 200 ಸೆಟ್ ಹೋದ್ರೆ ಒಂದೂವರೆ ಲಕ್ಷ, ಅಷ್ಟಕ್ಕೆ ಸದ್ಯ ರಿಜಿಸ್ಟರ್ ಮಾಡಿದ ಪಾರ್ಟ್ನರ್‌ಶಿಪ್ ಸಾಕು ಅಂತ ನನ್ನ ಅಭಿಪ್ರಾಯ.

ಜಿಎಸ್‌ಟಿ ಬಗ್ಗೆ ಈಗಲೇ ಹೆದರ್ಬೇಡಿ. ಡೌನ್‌ಲೋಡ್ ಮಾಡೋ ಸಾಫ್ಟ್‌ವೇರ್ ಸೇವೆ ಅಂತ ಬರತ್ತೆ, ವರ್ಷಕ್ಕೆ 20 ಲಕ್ಷದವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿ ಹೊರ ರಾಜ್ಯಕ್ಕೆ ಕಳಿಸ್ತೀವಿ ಅಂದ್ರೆ ಅದು ಸರಕು, ನಿಯಮ ಬೇರೆ.

ಕೊನೇದು, ಪ್ರತಿಯೊಬ್ರೂ ತಮ್ಮ ಸಾಫ್ಟ್‌ವೇರನ್ನ ಮಾರೋಕೆ ಫರ್ಮ್‌ಗೆ ಬರಹದಲ್ಲಿ ಲೈಸೆನ್ಸ್ ಕೊಡ್ಲಿ, ಮೇಷ್ಟ್ರ ಪದಪಟ್ಟಿಗೂ ಸೇರಿಸಿ. ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಅಂತ ಬರೀರಿ. ಬರೀದಿದ್ರೆ ಕಾಪಿರೈಟ್ ಕಾಯ್ದೆ ಪ್ರಕಾರ ಅವಧಿ 5 ವರ್ಷ, ವ್ಯಾಪ್ತಿ ಭಾರತ ಅಂತ ತಗೋತಾರೆ.

ಪದ್ಮನಾಭನಗರ_ಕೀಲಿಮಣೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಗುಂಪಲ್ಲಿ ಎಲ್ಲರಿಗೂ ಓದಿಸಿದೆ. ಫೋನ್ ಎತ್ತೋರಿಗೆ ಮೊದ್ಲು ಅನ್ನೋದಕ್ಕೆ ಹನ್ನೊಂದೂ ಜನ ಒಪ್ಪಿದಾರೆ, ಕನ್ವರ್ಟರ್ ಹುಡುಗ ಮತ್ತೆ ಒಬ್ಬ ಸ್ಟೂಡೆಂಟು ಆ ಕೆಲಸ ತಗೋತಾರೆ. ಉಳಿದಿದ್ದು ಅರ್ಧ ಸಮ, ಅರ್ಧ ಪಾಯಿಂಟು. ಪದಪಟ್ಟಿ ಒಂದು ಪೂರ್ತಿ ಸಾಫ್ಟ್‌ವೇರ್ ಅಂತಲೇ ಲೆಕ್ಕ. ಇಬ್ಬರ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಹೊರಗಿನ ಕೆಲಸ ಬೇಡ ಅಂತ ಇದೆ, ಅವ್ರು ಎಚ್‌ಆರ್‌ಗೆ ಬರ್ದಿದಾರೆ, ಉತ್ತರ ಬರೋವರೆಗೂ ಅವ್ರು ಮಾಡಿದ್ದು ಸೆಟ್‌ನಲ್ಲಿ ಇರಲ್ಲ. ಬಸವನಗುಡಿ ಮೇಡಂ, ಡೀಡ್‌ಗೆ ಸ್ಟಾಂಪ್ ಪೇಪರ್ ಈಗಲೇ ತಗೊಂಡು ಬಿಡ್ಲಾ?

ಲೆಕ್ಕ_ಬಸವನಗುಡಿ

ಈಗಲೇ ಬೇಡಪ್ಪ. ಆ ಇಬ್ಬರಿಗೆ ಒಪ್ಪಿಗೆ ಸಿಗದಿದ್ರೆ ಪಾಲುದಾರರ ಪಟ್ಟೀನೇ ಬದಲಾಗತ್ತೆ. ಮೊದ್ಲು ಡ್ರಾಫ್ಟ್ ಮಾಡಿ, ಹೆಸರುಗಳನ್ನ ತೆಗೆದು ಇಲ್ಲಿ ಹಾಕಿ, ಪಾಲಿನ ಭಾಗ ಮತ್ತೆ ಬಿಟ್ಟು ಹೋಗೋರ ಭಾಗ ನಾನು ನೋಡ್ತೀನಿ.