ಕರಪತ್ರದಲ್ಲಿ ಮನೆ ವಿಷಯ ಎಳೆದಿದ್ದಾರೆ, ಏನು ಮಾಡೋದು? ವಕೀಲರನ್ನು ಕೇಳಿ

ನಾಪೋಕ್ಲು: ಮೇಡಂ, ನಮ್ಮತ್ತಿಗೆ ವಿಧಾನಸಭೆಗೆ ಪಕ್ಷೇತರರಾಗಿ ನಿಂತಿದ್ದಾರೆ. ರಾತ್ರಿ ತೋಟದ ಕಾರ್ಮಿಕರ ಲೈನ್ ಮನೆಗಳಿಗೆಲ್ಲ ಕರಪತ್ರ ಅಂಟಿಸಿದ್ದಾರೆ. 'ಮನೆಮುರುಕಿ, ಗಂಡನ ಮನೆಯ ಜಮ್ಮಾ ಜಾಗ ಮಾರಿದವಳು' ಅಂತ. ತಲತಲಾಂತರದಿಂದ ಬಂದ ಆ ಜಾಗ ಮಾರೇ ಇಲ್ಲ. ಪ್ರೆಸ್ಸಿನ ಹೆಸರೂ ಇಲ್ಲ.

ಕುಶಾಲನಗರ: (ಫಾರ್ವರ್ಡ್) 1950ಕ್ಕೆ ಫೋನ್ ಮಾಡಿ, 24 ಗಂಟೆಯಲ್ಲಿ ಎದುರಾಳಿ ಅನರ್ಹ!

ವಕೀಲರು: ಅದು ಮತದಾರರ ಸಹಾಯವಾಣಿ. ಫೋನಿನಲ್ಲಿ ಯಾರೂ ಅನರ್ಹ ಆಗುವುದಿಲ್ಲ. ಇದನ್ನು ನಂಬಿ ಕೂತರೆ ಸಾಕ್ಷಿ ಮಳೆಗೆ ನೆನೆದು ಹೋಗುತ್ತದೆ, ಅಷ್ಟೇ.

ನಾಪೋಕ್ಲು ತಂಗಿ, ಕರಪತ್ರ ಕೀಳುವ ಮೊದಲು ಫೋಟೊ ತೆಗೆಯಿರಿ. ಎರಡು ಪ್ರತಿ ಇಟ್ಟುಕೊಳ್ಳಿ. ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇಲ್ಲದಿರುವುದೇ 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಅಪರಾಧ. 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇವತ್ತೇ ಚುನಾವಣಾಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ನನ್ನ ತಲೆ ಕೊರೆಯುತ್ತಿರುವುದು ಆ ಸಾಲು. 'ಮನೆಮುರುಕಿ' ಬರೀ ಬೈಗುಳ ಅಂತ ಅವರು ಜಾರಿಕೊಳ್ಳಬಹುದು. 'ಜಾಗ ಮಾರಿದಳು' ಅನ್ನುವುದು ಹಾಗಲ್ಲ, ಪಹಣಿ ತೆಗೆಸಿದರೆ ಬಣ್ಣ ಬಯಲು. ಅಭ್ಯರ್ಥಿಯ ನಡತೆ ಬಗ್ಗೆ ಸುಳ್ಳು ಸಂಗತಿ ಹಬ್ಬಿಸುವುದನ್ನೇ ಅದೇ ಕಾಯ್ದೆಯ 123(4) ಕಲಂ ಹಿಡಿಯುವುದು. ಹಾಗಂತ ಬೈಗುಳವನ್ನೂ ಬಿಡಬೇಡಿ. ರಾಜಸ್ಥಾನದ ಹಳೇ ಕೇಸು ಒಂದಿದೆ. ಅಭ್ಯರ್ಥಿ ಕೂತಿದ್ದ ಸಭೆಯಲ್ಲೇ ಎದುರಾಳಿಯನ್ನು ಕಳ್ಳರಲ್ಲೇ ದೊಡ್ಡ ಕಳ್ಳ ಅಂತ ಪದ್ಯ ಓದಿದರು. ಸುಪ್ರೀಂ ಕೋರ್ಟ್ ಅದನ್ನೂ ಸಂಗತಿ ಅಂತಲೇ ತಗೊಂಡಿತು. ಗೆದ್ದವರ ಸೀಟು ಹೋಯಿತು.

ಕಷ್ಟ ಬೇರೆ ಕಡೆ ಇದೆ. ಎದುರಾಳಿಯೋ ಅವರ ಏಜೆಂಟೋ ಹಂಚಿದರು, ಇಲ್ಲಾ ಅವರ ಒಪ್ಪಿಗೆ ಇತ್ತು ಅಂತ ತೋರಿಸಬೇಕು. ಅವರು ಗೆದ್ದರೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ. ಸೋತರೆ ಮಾನನಷ್ಟ ಮೊಕದ್ದಮೆ.

ಪೊನ್ನಂಪೇಟೆ: ವಾಟ್ಸಾಪ್ ಅಡ್ಮಿನ್ ಮೇಲೂ ಕೇಸ್ ಬೀಳುತ್ತಾ ಮೇಡಂ?

ಸೋಮವಾರಪೇಟೆ: ಅವರ ಮನೆ ಗುಟ್ಟು ನಮಗೂ ಗೊತ್ತು. ನಾವೂ ಅಚ್ಚು ಹಾಕಿಸೋಣ.

ವಿರಾಜಪೇಟೆ: ಈ ಚಾಳಿ ಶುರು ಮಾಡಿದ್ದೇ ನಿಮ್ಮ ಪಕ್ಷದವರು ಅಲ್ವಾ?

ಸೋಮವಾರಪೇಟೆ: ಹೋದ ಸಲ ಲೈನ್ ಮನೆಗೆ ಬಾಟಲಿ ಹಂಚಿದ್ದು ಯಾರಣ್ಣ?

ವಿರಾಜಪೇಟೆ: ಕುಡಿದವರಿಗೇ ಗೊತ್ತಿರುತ್ತೆ.

ವಕೀಲರು: ಜಗಳ ಹೊರಗೆ ಇಟ್ಟುಕೊಳ್ಳಿ. ಸೋಮವಾರಪೇಟೆಯವರೇ, ನೀವೂ ಅಚ್ಚು ಹಾಕಿಸಿದರೆ ಮೊದಲ ದೂರು ನಿಮ್ಮ ಮೇಲೇ.

ಗೋಣಿಕೊಪ್ಪ: ಮೇಡಂ, 1950ಕ್ಕೆ ಫೋನ್ ಮಾಡಿದರೆ ಅನರ್ಹ ಅಂತಾರಲ್ಲ, ನಿಜಾನಾ?

ವಕೀಲರು: ಮೇಲೆ ಓದಿ.

ಪೊನ್ನಂಪೇಟೆ: ಅಡ್ಮಿನ್ ವಿಷಯ ಕೇಳಿದ್ದೆ…

ನಾಪೋಕ್ಲು: ಮೇಡಂ, ಅತ್ತಿಗೆ ಸಿಟ್ಟಲ್ಲಿ ಸಿಕ್ಕಿದ್ದನ್ನೆಲ್ಲ ಒಲೆಗೆ ಹಾಕಿಬಿಟ್ಟಿದ್ದಾರೆ.

ವಕೀಲರು: ಲೈನ್ ಮನೆಯಲ್ಲಿ ಒಂದಾದರೂ ಉಳಿದಿದೆಯಾ ನೋಡಿ. ಈಗಲೇ ಹೊರಡಿ.