ಸ್ಲೋದಲ್ಲಿ ನಿಲ್ಲುತ್ತೆ, ಎತ್ತಿದ್ರೆ ಸಾಯುತ್ತೆ

ಪುಟ್ಟಾ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ್ದು ಈಗ ಓದಿದೆ. ‘ಅಪ್ಪನ ಬೈಕ್ ಸ್ಟಾರ್ಟ್ ಆಗುತ್ತೆ, ಸ್ಲೋದಲ್ಲಿ ಚೆನ್ನಾಗೇ ನಿಲ್ಲುತ್ತೆ, ಎಕ್ಸಲೇಟರ್ ತಿರುಗಿಸಿದ್ರೆ ಬುಸ್ ಅಂತ ಕುಗ್ಗಿ ಆಫ್ ಆಗುತ್ತೆ, ಇಂಜಿನ್ ಹೋಯ್ತಾ ದೊಡ್ಡಪ್ಪ’ ಅಂತ ಕೇಳಿದ್ದೀಯ. ಟೈಪ್ ಮಾಡೋ ತಾಳ್ಮೆ ನನಗಿಲ್ಲ, ಮೈಕ್ ಒತ್ತಿ ಹೇಳ್ತಾ ಹೋಗ್ತೀನಿ, ಅದೇ ಬರ್ಕೊಳ್ಳುತ್ತೆ. ಅಲ್ಲಲ್ಲಿ ತಪ್ಪು ಬಿದ್ರೆ ಸರಿ ಮಾಡ್ಕೊಂಡು ಓದು.

ಇಂಜಿನ್ ಎಲ್ಲೂ ಹೋಗಿಲ್ಲ. ಸ್ಲೋದಲ್ಲಿ ನಿಲ್ಲೋದು ಅಂದ್ರೆ ಎಕ್ಸಲೇಟರ್ ಬಿಟ್ಟಾಗ ಆಫ್ ಆಗದೆ ಮೆಲ್ಲಗೆ ಓಡ್ತಾ ಇರೋದು. ಸ್ಲೋದಲ್ಲಿ ಒಂದೇ ಸಮ ನಿಲ್ಲೋ ಇಂಜಿನ್‌ಗೆ ಕಂಪ್ರೆಷನ್ ಇದೆ, ಅಂದ್ರೆ ಒಳಗೆ ಒತ್ತಡ ಹುಟ್ತಿದೆ, ಸ್ಪಾರ್ಕ್ ಇದೆ, ಸ್ವಲ್ಪನಾದ್ರೂ ಪೆಟ್ರೋಲ್ ಬರ್ತಿದೆ. ಇಷ್ಟಿದ್ದ ಮೇಲೆ ಹೆಡ್ ಬಿಚ್ಚೋ ಮಾತೇ ಬೇಡ. ಯಾರಾದ್ರೂ ಪಿಸ್ಟನ್, ಬೋರ್ ಅಂದ್ರೆ ಕೈಮುಗಿದು ಕಳಿಸು.

ಪೆಟ್ರೋಲನ್ನ ಗಾಳಿಗೆ ಬೆರೆಸಿ ಇಂಜಿನ್ನಿಗೆ ಕಳಿಸೋ ಕಾರ್ಬೋರೇಟರ್ ಒಳಗೆ ಪೆಟ್ರೋಲಿಗೆ ಒಂದೇ ದಾರಿ ಅಲ್ಲ. ಎಕ್ಸಲೇಟರ್ ಮುಚ್ಚಿರುವಾಗಿಂದ ಎಂಟನೇ ಒಂದು ಭಾಗ ತೆರೆಯೋವರೆಗೂ ಸ್ಲೋ ಜೆಟ್ಟಿಂದು ಆಟ; ಜೆಟ್ ಅಂದ್ರೆ ಪೆಟ್ರೋಲ್ ಅಳತೆಯಲ್ಲಿ ಹೋಗೋ ಸಣ್ಣ ತೂತಿನ ತುಂಡು. ಅಲ್ಲಿಂದ ಕಾಲು ಭಾಗದವರೆಗೆ ಗಾಳಿ ದಾರಿಯಲ್ಲಿ ಮೇಲೆ ಕೆಳಗೆ ಜಾರೋ ಸ್ಲೈಡಿನ ಕೆಳಗಿನ ಕತ್ತರಿಸಿದ ಅಂಚು, ಕಾಲಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತಗುಲಿಸಿದ ಸೂಜಿ, ಅದರ ಮೇಲೆ ಮೇನ್ ಜೆಟ್. ಗೆರೆ ಎಳೆದ ಹಾಗೆ ಬೇರೆ ಆಗಲ್ಲ, ಒಂದರೊಳಗೊಂದು ಬೆರೆಯುತ್ತೆ. ಆದ್ರೂ ನಿನ್ನ ಗಾಡಿ ಹೇಳ್ತಿರೋದು ಇಷ್ಟು: ಮೊದಲ ದಾರಿ ಸರಿ ಇದೆ, ಆಮೇಲಿನದ್ದು ಯಾವುದೋ ಕೈಕೊಟ್ಟಿದೆ.

ಎಲ್ಲರೂ ಹಾರೋದು ಮೇನ್ ಜೆಟ್ ಮೇಲೆ. ಒಂದು ನಿಮಿಷ ಯೋಚನೆ ಮಾಡು. ಸ್ಲೋ ಜೆಟ್ಟಿನ ತೂತು ಸಾಮಾನ್ಯವಾಗಿ 0.35, 0.40 ಮಿಲಿಮೀಟರ್. ಮೇನ್ ಜೆಟ್ಟಿಂದು ಹೆಚ್ಚುಕಮ್ಮಿ 1 ಮಿಲಿಮೀಟರ್. ಕೀಹಿನ್ ಕಂಪನಿಯ ಜೆಟ್ ಮೇಲೆ 100 ಅಂತ ಹೊಡೆದಿದ್ರೆ ಅದೇ ಅರ್ಥ. ಹಳೇ ಪೆಟ್ರೋಲ್ ಜಿಡ್ಡುಗಟ್ಟಿದ್ರೆ ಮೊದಲು ಮುಚ್ಚೋದು ಚಿಕ್ಕ ತೂತು ತಾನೆ? ಚಿಕ್ಕದು ಸರಿಯಾಗಿದ್ದು ದೊಡ್ಡದು ಮುಚ್ಚಿದೆ ಅಂದ್ರೆ ಅದು ಜಿಡ್ಡಲ್ಲ. ಟ್ಯಾಂಕಿಂದ ಬಂದ ತುಕ್ಕಿನ ಚೂರು, ಇಲ್ಲ ನೀರು. ನೀರು ಪೆಟ್ರೋಲಿಗಿಂತ ಭಾರ, ಕಾರ್ಬೋರೇಟರ್ ಕೆಳಗೆ ಪೆಟ್ರೋಲ್ ನಿಲ್ಲೋ ಬೌಲಿನ ತಳದಲ್ಲಿ ಕೂರುತ್ತೆ, ಮೇನ್ ಜೆಟ್ ಇರೋದೂ ತಳದಲ್ಲೇ. ಬೌಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲ ಮಾಡಿ ಒಂದು ಗಾಜಿನ ಬಾಟಲಿಗೆ ಹಿಡಿ. ನೀರಿದ್ರೆ ತಳದಲ್ಲಿ ಬೇರೆಯಾಗಿ ಗುಂಡು ಗುಂಡಗೆ ಉರುಳಾಡೋದು ಕಣ್ಣಿಗೆ ಕಾಣುತ್ತೆ.

ಈಗ ನಾನು ಹೇಳೋದು ಕಿವಿ ಕೊಟ್ಟು ಕೇಳು. ಕಾರ್ಬೋರೇಟರ್ ಮೇಲ್ಗಡೆ ಅಗಲವಾದ ದುಂಡು ಮುಚ್ಚಳ ಇದ್ದು, ಕೇಬಲ್ ಪಕ್ಕದಲ್ಲಿ ಬಂದು ಚಿಟ್ಟೆ ವಾಲ್ವ್, ಅಂದ್ರೆ ಗಾಳಿ ದಾರಿ ತೆರೆಯೋ ತಟ್ಟೆ, ತಿರುಗಿಸೋ ಹಾಗಿದ್ರೆ, ಒಳಗೆ ಸ್ಲೈಡನ್ನ ಎತ್ತೋ ತೆಳು ರಬ್ಬರ್ ಹಾಳೆ, ಡಯಾಫ್ರಂ, ಇರುತ್ತೆ. ಅದು ಒಳಗಿರುವಾಗ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೀಬೇಡ. ಒಂದು ಸಲನೂ ಬೇಡ, ಸ್ವಲ್ಪನೂ ಬೇಡ.

ನಮ್ಮ ಹಳೇ ಕಪ್ಪು ಗಾಡಿ, ಎಡಗಡೆ ಟ್ಯಾಂಕಿಗೆ ಕುಳಿ ಬಿದ್ದಿತ್ತಲ್ಲ, ಅದಕ್ಕೆ ಆದದ್ದು ಇದೇ, ಅದೂ ನನ್ನ ಕೈಯಿಂದಲೇ. ರೋಗ ನಿನ್ನದೇ: 3000 ಆರ್‌ಪಿಎಂ ದಾಟ್ತಿರಲಿಲ್ಲ. ಮೇನ್ ಜೆಟ್ಟಿನಲ್ಲಿ ತುಕ್ಕಿನ ಒಂದು ಚೂರು ಸಿಕ್ಕಿಕೊಂಡಿತ್ತು, ಅಷ್ಟೇ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ಊದಿದ್ರೆ ಮುಗೀತಿತ್ತು. ಆತುರಕ್ಕೆ ಫಿಲ್ಟರ್ ಕಡೆಯಿಂದ ಎಲ್ಲಾ ತೂತಿಗೂ ಸ್ಪ್ರೇ ಹೊಡೆದದ್ದಾಯ್ತು. ಆ ಸ್ಪ್ರೇ ಡಯಾಫ್ರಮ್ಮಿನ ಕೆಳಗಿನ ಅರೆಗೆ ಹೋಗಿ ರಬ್ಬರ್ ಊದಿಕೊಳ್ತು. ಮುಚ್ಚಳ ತೆಗೆದು ನೋಡಿದ್ರೆ ಅಂಚು ಅಲೆಅಲೆಯಾಗಿ ಎದ್ದು ನಿಂತಿದೆ, ತನ್ನ ಕಾಲುವೆಯೊಳಗೆ ಕೂರ್ತಿಲ್ಲ. ಬಲವಂತವಾಗಿ ಒತ್ತಿ ಮುಚ್ಚಳ ಹಾಕಿ ಸ್ಕ್ರೂ ಬಿಗಿದ್ರೆ ಒಂದು ಕಡೆ ಅಂಚು ಸಿಕ್ಕಿಕೊಂಡು ಕತ್ತರಿಸಿ ಹೋಯ್ತು. ಜೆಟ್ ಕ್ಲೀನ್ ಆಯ್ತು, ಗಾಡಿ ಮಾತ್ರ ಹಾಗೇ. ಅದೇ 3000. ರೋಗದ ಲಕ್ಷಣ ಬದಲಾಗಲಿಲ್ಲ ನೋಡು, ಕಾರಣ ಬದಲಾಗಿತ್ತು. ಕಾರ್ಬೋರೇಟರ್ ಕೆಲಸ ಮುಗೀತು ಅಂದ್ಕೊಂಡು ಪಾಯಿಂಟು, ಕಂಡೆನ್ಸರು, ಕಾಯಿಲು ಅಂತ ಸ್ಪಾರ್ಕಿನ ಕಡೆ ಎರಡು ವಾರ ಸುತ್ತಾಟ.

ಅಲ್ಲಿ ನಡೆಯೋದು ಏನಂದ್ರೆ, ಚಿಟ್ಟೆ ವಾಲ್ವ್ ತೆರೆದಾಗ ಗಾಳಿ ಜೋರಾಗಿ ಎಳೆಯುತ್ತೆ, ಡಯಾಫ್ರಮ್ಮಿನ ಮೇಲಿನ ಅರೆಯಲ್ಲಿ ಒತ್ತಡ ಇಳಿಯುತ್ತೆ, ಕೆಳಗಿನ ಗಾಳಿ ಸ್ಲೈಡನ್ನ ಮೇಲಕ್ಕೆ ತಳ್ಳುತ್ತೆ. ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತು ಇದ್ರೂ ಆ ವ್ಯತ್ಯಾಸ ಸೋರಿ ಹೋಗುತ್ತೆ. ಸ್ಲೈಡ್ ಅರ್ಧಕ್ಕೇ ನಿಲ್ಲುತ್ತೆ, ಇಲ್ಲ ಏಳೋದೇ ಇಲ್ಲ. ಸ್ಲೋ ನಿಲ್ಲೋಕೆ ಸ್ಲೈಡ್ ಏಳಬೇಕಾಗೇ ಇಲ್ಲ, ಅದಕ್ಕೇ ಸ್ಲೋ ಚೆನ್ನಾಗಿರುತ್ತೆ. ನಿನಗೆ ಕಾಣ್ತಿರೋದು ಇದೇ ಇರಬಹುದು.

ನೋಡೋದು ಸುಲಭ. ಇಂಜಿನ್ ಆಫ್ ಮಾಡು, ಫಿಲ್ಟರ್ ಕಡೆಯ ರಬ್ಬರ್ ಕೊಳವೆ ಕಳಚು. ಒಳಗೆ ಬೆರಳು ಹಾಕಿ ಸ್ಲೈಡನ್ನ ಪೂರ್ತಿ ಮೇಲಕ್ಕೆತ್ತಿ ಬಿಡು. ಎಲ್ಲೂ ತಡವರಿಸದೆ ಇಳಿದು ಕೊನೆಗೆ ಮೆತ್ತಗೆ ಟಕ್ ಅನ್ನಬೇಕು. ಇನ್ನೊಂದು ಸಲ ಎತ್ತು. ಕಾರ್ಬೋರೇಟರ್ ಬಾಯಿಯಲ್ಲಿ ಡಯಾಫ್ರಮ್ಮಿನ ಕೆಳಗೆ ಗಾಳಿ ಹೋಗೋ ತೂತಿರುತ್ತೆ, ಅದನ್ನ ಇನ್ನೊಂದು ಬೆರಳಿಂದ ಮುಚ್ಚಿ ಸ್ಲೈಡ್ ಬಿಡು. ರಬ್ಬರ್ ಸರಿಯಿದ್ರೆ ಮೇಲೇ ನಿಲ್ಲುತ್ತೆ, ಇಲ್ಲ ತೀರಾ ನಿಧಾನಕ್ಕೆ ಇಳಿಯುತ್ತೆ. ದಬಕ್ ಅಂತ ಬಿದ್ರೆ ಸೋರ್ತಿದೆ. ಆಗ ಮುಚ್ಚಳ ತೆಗೆದು, ಒಳಗಿನ ಸ್ಪ್ರಿಂಗ್ ಹಾರಿ ಹೋಗದ ಹಾಗೆ ಹಿಡ್ಕೊಂಡು, ರಬ್ಬರಿನ ಹಿಂದೆ ಟಾರ್ಚ್ ಹಿಡಿ. ತೂತು ಹೆಚ್ಚಾಗಿ ಬೀಳೋದು ಮಡಿಕೆಯ ಜಾಗದಲ್ಲಿ, ಮೊದಲು ಅಲ್ಲೇ ಹುಡುಕು. ವಾಪಸ್ ಹಾಕುವಾಗ ಅಂಚಿನ ಪುಟ್ಟ ಕಿವಿ ತನ್ನ ಗುಳಿಯಲ್ಲೇ ಕೂರಬೇಕು. ಕೆಳಗಿಂದ ಬೆರಳಲ್ಲಿ ಸ್ಲೈಡನ್ನ ಅರ್ಧ ಎತ್ತಿ ಹಿಡಿದ್ರೆ ರಬ್ಬರಿಗೆ ಎಳೆತ ತಪ್ಪಿ ಅಂಚು ಜಾಗ ಬಿಡಲ್ಲ, ಆಗ ಮುಚ್ಚಳ ಹಾಕು. ಊದಿಕೊಂಡಿದ್ರೆ ಒಂದು ದಿನ ನೆರಳಲ್ಲಿ ಬಿಟ್ಟು ನೋಡು, ಎಷ್ಟೋ ಸಲ ತಾನಾಗೇ ಕುಗ್ಗುತ್ತೆ.

ಕೇಬಲ್ ನೇರವಾಗಿ ಮೇಲಿನ ಮುಚ್ಚಳದೊಳಗೇ ಹೋಗ್ತಿದ್ರೆ ಈ ತಲೆನೋವು ಇಲ್ಲ, ಅಲ್ಲಿ ಸ್ಲೈಡ್ ಎತ್ತೋದು ನಿನ್ನ ಕೈ. ಅದರಲ್ಲಿ ನೋಡಬೇಕಾದ್ದು ಸೂಜಿ. ಸೂಜಿಯ ಕ್ಲಿಪ್ ಬಿಟ್ಟುಹೋದ್ರೆ ಸೂಜಿ ಕೆಳಗೆ ಜಾರಿ ದಾರಿ ಮುಚ್ಚಿ ಕೂರುತ್ತೆ, ಸ್ಲೈಡ್ ಒಂದೇ ಮೇಲೆ ಹೋಗುತ್ತೆ. ಸ್ಲೈಡ್ ಹಾಕುವಾಗ ಕತ್ತರಿಸಿದ ಅಂಚು ಫಿಲ್ಟರ್ ಕಡೆಗಿರಲಿ.

ಜೆಟ್ ಬಿಚ್ಚಿದ್ರೆ ಸ್ಟೀಲ್ ತಂತಿ ತೂರಿಸಬೇಡ, ತೂತು ಅಗಲ ಆಗುತ್ತೆ. ವೈರಿನೊಳಗಿನ ತಾಮ್ರದ ಒಂದೇ ಎಳೆ ಸಾಕು, ಇಲ್ಲ ಹವಾ ಹೊಡಿ. ಮೇನ್ ಜೆಟ್ ಹಿಂದಿನ ಉದ್ದ ಕೊಳವೆಯ ಪಕ್ಕದಲ್ಲಿ ಸಣ್ಣ ಸಣ್ಣ ತೂತಿರುತ್ತೆ, ಅವೂ ಎಲ್ಲಾ ತೆರೆದಿರಬೇಕು. ಸ್ಪ್ರೇ ಬೇಕೇ ಬೇಕಾದ್ರೆ ಡಯಾಫ್ರಂ ಪೂರ್ತಿ ಹೊರಗೆ ತೆಗೆದಿಟ್ಟು, ಬೌಲಿನೊಳಗೆ ತೇಲೋ ಫ್ಲೋಟಿನ ರಬ್ಬರ್ ತುದಿಯ ಸೂಜಿಯನ್ನೂ ತೆಗೆದಿಟ್ಟು, ಆಮೇಲೆ ಲೋಹಕ್ಕೆ ಮಾತ್ರ ಹೊಡಿ. ಇನ್ನೊಂದು ಸಲ ಹೇಳ್ತೀನಿ, ಗ್ರೂಪಲ್ಲಿ ಬೈಕ್ ಇಟ್ಕೊಂಡಿರೋರೆಲ್ಲ ಕೇಳಿಸ್ಕೊಳ್ಳಿ: ರಬ್ಬರ್ ಒಳಗಿರುವಾಗ ಸ್ಪ್ರೇ ಹೊಡೀಬೇಡಿ. ಇದ್ದ ರೋಗದ ಮೇಲೆ ಇನ್ನೊಂದು ರೋಗ ಬರುತ್ತೆ, ಎರಡೂ ಒಂದೇ ಥರ ಕಾಣುತ್ತೆ.

ಅಲ್ಲಾ, ಆ ಕಪ್ಪು ಗಾಡಿ ಟ್ಯಾಂಕಿಗೆ ತುಕ್ಕು ಹಿಡಿದಿದ್ದು ಹೇಗೆ ಅಂತ ಯಾರಾದ್ರೂ ಕೇಳಿದ್ರಾ? ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಬೌಲ್ ಖಾಲಿ ಮಾಡಿ, ಟ್ಯಾಂಕ್ ತುಂಬಿಸಿಡಿ ಅಂತ ಇದೇ ಗ್ರೂಪಲ್ಲಿ ಹೇಳಿದ್ದೆ. ಅರ್ಧ ಟ್ಯಾಂಕ್ ಇದ್ರೆ ಖಾಲಿ ಜಾಗದ ಗಾಳಿಯಲ್ಲಿರೋ ತೇವ ಒಳಗೋಡೆಗೆ ಕೂತು ತುಕ್ಕು ಹಿಡಿಸುತ್ತೆ; ಎಥನಾಲ್ ಬೆರೆತ ಪೆಟ್ರೋಲ್ ಆದ್ರೆ ಇನ್ನೂ ನೀರು ಹೀರ್ಕೊಳ್ಳುತ್ತೆ. ನಾಲ್ಕು ಜನ ಕೈಮುಗಿದ ಚಿತ್ರ ಹಾಕಿದ್ರು, ಒಬ್ಬರೂ ಮಾಡಲಿಲ್ಲ. ನಿಮ್ಮಪ್ಪನೂ ಅಷ್ಟೇ, ಅವನು ನನ್ನ ಮಾತು ಕೇಳಿದ್ದು ಯಾವಾಗ. ಸಂದಿ ಅಳೆಯೋ ತೆಳು ಎಲೆಗಳ ಫೀಲರ್ ಗೇಜ್ ಸೆಟ್ ತಗೊಂಡು ಹೋದ, ವಾಪಸ್ ಬಂದಾಗ ಅದರಲ್ಲಿ 0.05, 0.10 ಎಲೆಗಳೇ ಇಲ್ಲ. ವಾಲ್ವಿಗೆ ಬೇಕಾಗೋದೇ ಅವೆರಡು! ಸ್ಪಾರ್ಕ್ ಯಾವ ಹೊತ್ತಿಗೆ ಹಾರುತ್ತೆ ಅಂತ ತೋರಿಸೋ ಟೈಮಿಂಗ್ ಲೈಟ್ ಯಾರ ಮನೆಯಲ್ಲಿದೆ ಅಂತ ನನಗೆ ಗೊತ್ತು, ಹೆಸರು ಹೇಳಲ್ಲ, ಅವರೂ ಇದನ್ನ ಓದ್ತಿದ್ದಾರೆ. ನಾಳೆ ಪುಟ್ಟನ ಕೈಗೆ ತಲುಪಿಸಿ, ಅವನಿಗೆ ಬೇಕಾಗಬಹುದು.

ಯಾಕೆ ಅಂದ್ರೆ ಪೆಟ್ರೋಲ್ ದಾರಿ ಎಲ್ಲಾ ಸರಿ ಇದ್ದೂ ಏಳಲಿಲ್ಲ ಅಂದ್ರೆ ಮುಂದಿನದು ಸ್ಪಾರ್ಕು. ಎಕ್ಸಲೇಟರ್ ತೆರೆದಾಗ ಸಿಲಿಂಡರ್ ತುಂಬ ಗಾಳಿ ಬರುತ್ತೆ, ಒತ್ತಡ ಏರುತ್ತೆ, ಪ್ಲಗ್ಗಿನ ಸಂದಿ ಹಾರೋಕೆ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ಗಿಗೆ ಆ ವೋಲ್ಟೇಜ್ ಕೊಡೋ ಕಾಯಿಲು ಬಡಕಲಾಗಿದ್ರೆ ಸ್ಲೋದಲ್ಲಿ ಕಿಡಿ ಹಾರಿಸುತ್ತೆ, ಇಲ್ಲಿ ಕೈ ಚೆಲ್ಲುತ್ತೆ. ಪ್ಲಗ್ ಗ್ಯಾಪ್ 0.6ರಿಂದ 0.7 ಮಿಲಿಮೀಟರ್ ಒಳಗಿರಲಿ. ಪಾಯಿಂಟ್, ಅಂದ್ರೆ ಸ್ಪಾರ್ಕಿಗಾಗಿ ಕರೆಂಟ್ ಕಡಿಯೋ ಸ್ವಿಚ್ಚು, ಇರೋ ಗಾಡಿ ಆದ್ರೆ ಅದರ ಸಂದಿ 0.35ರ ಆಸುಪಾಸು, ನಿನ್ನ ಗಾಡಿಯ ಪುಸ್ತಕದಲ್ಲಿ ಇದ್ದದ್ದೇ ಕೊನೇ ಮಾತು. ಮಬ್ಬು ಬೆಳಕಲ್ಲಿ ಪಾಯಿಂಟ್ ಮಧ್ಯೆ ದೊಡ್ಡದಾಗಿ ಕಿಡಿ ಹಾರ್ತಿದ್ರೆ ಕಂಡೆನ್ಸರ್ ಸತ್ತಿದೆ. ಪಾಯಿಂಟ್ ತಟ್ಟೆಯ ಹಿಂದೆ ಎರಡು ಪುಟ್ಟ ತೂಕಗಳಿರುತ್ತೆ, ವೇಗ ಏರಿದ ಹಾಗೆ ಅಗಲಕ್ಕೆ ತೆರ್ಕೊಂಡು ಟೈಮಿಂಗ್ ಮುಂದಕ್ಕೆ ತರುತ್ತೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ರೆ ಗಾಡಿ ಮಂಕಾಗಿ ಮೇಲೇಳಲ್ಲ. ಪಾಯಿಂಟ್ ತೆರೆಯೋ ಕ್ಯಾಮನ್ನ ಕೈಯಲ್ಲಿ ತಿರುಚಿ ಬಿಡು, ಸ್ಪ್ರಿಂಗ್ ಥರ ಹಿಂದಕ್ಕೆ ಬರಬೇಕು. ಟೈಮಿಂಗ್ ಲೈಟ್ ಹಿಡಿದ್ರೆ ಸ್ಲೋದಲ್ಲಿ ತಿರುಗೋ ಚಕ್ರದ ಮೇಲಿನ, ಸ್ಪಾರ್ಕಿನ ಜಾಗ ತೋರಿಸೋ ‘ಎಫ್’ ಗೆರೆ ಎದುರು ಬಂದು, ರೇಸ್ ಕೊಟ್ಟ ಹಾಗೆ ಗುರುತು ಜರುಗಬೇಕು. ಜರುಗದೇ ಇದ್ರೆ ಅಲ್ಲೇ ಕೈ ಇಡು.

ಅಯ್ಯೋ, ಮೊದಲು ಹೇಳಬೇಕಾದ್ದೇ ಹೇಳಲಿಲ್ಲ ನೋಡು! ನಿಮ್ಮ ದೊಡ್ಡಮ್ಮ ಇಲ್ಲಿಂದ ಕೂಗ್ತಿದ್ದಾಳೆ, ‘ಮಗು ಏನು ಮಾಡಬೇಕು ಅಂತ ಮೊದಲು ಹೇಳಿ’ ಅಂತ.

ಕಾರ್ಬೋರೇಟರ್ ಬಿಚ್ಚೋ ಮುಂಚೆ ನಾಲ್ಕು ಪರೀಕ್ಷೆ, ಎಲ್ಲಾ ಸೇರಿ ಹತ್ತು ನಿಮಿಷ. ಬಾಗಿಲು ತೆರೆದ ಜಾಗದಲ್ಲಿ ಮಾಡು, ಒಳಗೆ ಹೊಗೆ ಕುಡಿಯಬೇಡ. ಇಂಜಿನ್ ಬಿಸಿ ಆಗಲಿ. ಮೊದಲನೇದು, ಎಕ್ಸಲೇಟರನ್ನ ಎಲ್ಲಿ ಕುಗ್ಗುತ್ತೋ ಅಲ್ಲಿಯವರೆಗೆ ತೆರೆದು, ಚೋಕ್ ಅರ್ಧ ಎಳಿ. ಗಾಡಿ ಚೇತರಿಸ್ಕೊಂಡು ಮೇಲೆ ಎದ್ರೆ ಪೆಟ್ರೋಲ್ ಸಾಲ್ತಿಲ್ಲ, ಇಲ್ಲ ಎಲ್ಲೋ ಕಳ್ಳಗಾಳಿ ನುಗ್ತಿದೆ: ಜೆಟ್, ಟ್ಯಾಂಕಿಂದ ಬರೋ ದಾರಿ, ಕಾರ್ಬೋರೇಟರಿಗೂ ಹೆಡ್ಡಿಗೂ ಮಧ್ಯದ ರಬ್ಬರಿನ ಬಿರುಕು. ಇನ್ನೂ ಕೆಟ್ರೆ ಪೆಟ್ರೋಲ್ ಜಾಸ್ತಿ: ಫಿಲ್ಟರ್ ಕಟ್ಟಿದೆ, ಫ್ಲೋಟ್ ಸೋರ್ತಿದೆ, ಚೋಕ್ ಪೂರ್ತಿ ಆಫ್ ಆಗ್ತಿಲ್ಲ. ಏನೂ ವ್ಯತ್ಯಾಸ ಆಗದೆ ಕಟ್ ಕಟ್ ಅಂದ್ರೆ ಸ್ಪಾರ್ಕಿನ ಕಡೆ ತಿರುಗು.

ಎರಡನೇದು, ಟ್ಯಾಂಕ್ ಮುಚ್ಚಳ ತೆರೆದಿಟ್ಟು ನೋಡು, ಅದರ ಗಾಳಿತೂತು ಕಟ್ಟಿದ್ರೆ ಪೆಟ್ರೋಲ್ ಇಳಿಯಲ್ಲ. ಆದ್ರೆ ಹಾಗಿದ್ದಾಗ ಗಾಡಿ ಮೊದಲು ಚೆನ್ನಾಗಿ ಎದ್ದು, ಬೌಲ್ ಖಾಲಿ ಆದ ಮೇಲೆ ಸಾಯುತ್ತೆ. ತಿರುಗಿಸಿದ ಮೊದಲ ಕ್ಷಣದಲ್ಲೇ ಕುಗ್ಗಿದ್ರೆ ಟ್ಯಾಂಕಿನ ತಪ್ಪಲ್ಲ. ಮೂರನೇದು, ಸೈಲೆನ್ಸರ್ ಹಿಂದೆ ಒಂದು ಗೇಣು ದೂರ ಕೈ ಹಿಡಿದು ರೇಸ್ ಕೊಡಿಸು, ತಾಗಿಸಬೇಡ. ಹೊಗೆ ಹೊಡೆತ ಜೋರಾಗದೆ ಸೋತ ಹಾಗಿದ್ರೆ ಒಳಗೆ ಕಟ್ಟಿದೆ. ಎರಡು ಸ್ಟ್ರೋಕ್ ಗಾಡಿಯಲ್ಲಿ ಕಾರ್ಬನ್ ಸಾಮಾನ್ಯ. ತಿಂಗಳುಗಟ್ಟಲೆ ನಿಂತ ಗಾಡಿಗೆ ಕಣಜ ಮಣ್ಣಿನ ಗೂಡು ಕಟ್ಟಿರೋದೂ ಉಂಟು. ನಾಲ್ಕನೇದು ಆ ಬೆರಳಿನ ಪರೀಕ್ಷೆ, ಹೇಳಿದ್ದೀನಲ್ಲ.

ನಿಂತಲ್ಲೇ ತುಂಬ ಹೊತ್ತು ರೇಸ್ ಕೊಡಬೇಡ, ಗಾಳಿಯಲ್ಲಿ ತಣಿಯೋ ಇಂಜಿನ್ ಅದು. ಕಾರ್ಬೋರೇಟರ್ ಬಾಯಿಗೆ ಮುಖ ಇಟ್ಟು ನೋಡಲೂ ಬೇಡ, ಒಂದೊಂದು ಸಲ ಅಲ್ಲಿಂದ ಬೆಂಕಿ ಉಗುಳುತ್ತೆ. ಆಮೇಲೆ ಪ್ಲಗ್ ಬಿಚ್ಚಿ ಬೆಳಕಲ್ಲಿ ಫೋಟೋ ತೆಗೆದು ಇಲ್ಲಿ ಹಾಕು, ಬಿಳಿಯೋ ಕರಿಯೋ ನೋಡ್ತೀನಿ. ಚೋಕ್ ಎಳೆದಾಗ ಏನಾಯ್ತು ಅಂತ ಅದರ ಜೊತೆಗೇ ಬರಿ.