ಹಳೆಯ ಅಮೆರಿಕನ್ ಉಯಿಲಿನ ‘ಸನ್ ಇನ್ ಲಾ’: ಅಳಿಯನೋ, ಮಲಮಗನೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ನನ್ನ ಮಗಳನ್ನು ಕೊಟ್ಟ ಮನೆ ಅಮೆರಿಕದ ಓಹಾಯೋ ಕಡೆಯದು. ಬೀಗರು ಮನೆತನದ ಹಳೆಯ ಕಾಗದಪತ್ರಗಳನ್ನು ಕಲೆಹಾಕುತ್ತಿದ್ದಾರೆ. ಮೊಮ್ಮಕ್ಕಳಿಗಾಗಿ ಅದನ್ನೆಲ್ಲ ಕನ್ನಡದಲ್ಲಿ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಮೂಲಪುರುಷ ಒಬ್ಬ ರೈತ, ತೀರಿಕೊಂಡದ್ದು 1847ರಲ್ಲಿ. ಉಯಿಲಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಹೆಸರಿಸಿ, ಒಂದು ಹೆಣ್ಣುಕುದುರೆಯನ್ನೂ ನೇಗಿಲನ್ನೂ ‘ಸನ್ ಇನ್ ಲಾ’ಗೆ ಕೊಟ್ಟಿದ್ದಾನೆ. ಕಣ್ಣು ಮುಚ್ಚಿಕೊಂಡು ‘ಅಳಿಯ’ ಎಂದು ಬರೆಯುವಂತಿಲ್ಲ, ಏಕೆಂದರೆ 1850ರ ಜನಗಣತಿಯ ಹಾಳೆ ಅಡ್ಡ ನಿಂತಿದೆ.

ಅಮೆರಿಕದ ಜನಗಣತಿಯಲ್ಲಿ ಮನೆಯ ಯಜಮಾನನಷ್ಟೇ ಅಲ್ಲದೆ ಉಳಿದವರ ಹೆಸರೂ ಬಂದದ್ದು 1850ರಲ್ಲೇ ಮೊದಲು. ಅದೂ ಗುಲಾಮರಲ್ಲದವರದು ಮಾತ್ರ. ಗುಲಾಮರನ್ನು ಬೇರೆ ಪಟ್ಟಿಯಲ್ಲಿ ಹೆಸರಿಲ್ಲದೆ, ವಯಸ್ಸು, ಲಿಂಗ, ಮೈಬಣ್ಣ ನೋಡಿ ಎಣಿಸಿದರು. ಯಜಮಾನನಿಗೆ ಯಾರು ಏನಾಗಬೇಕು ಎಂಬ ಅಂಕಣ ಸೇರಿದ್ದು 1880ರಲ್ಲಿ. ಹಾಗಾಗಿ 1850ರ ಹಾಳೆಯಲ್ಲಿ ಸಂಬಂಧವನ್ನು ನಾವೇ ಊಹಿಸಬೇಕು. ಈ ಮನೆಯಲ್ಲಿ ವಿಧವೆ, ಒಂಬತ್ತು ಮತ್ತು ಆರು ವರ್ಷದ ಆ ಇಬ್ಬರು ಹುಡುಗಿಯರು, ಜೊತೆಗೆ ಬೇರೆ ಮನೆತನದ ಹೆಸರಿನ ಹತ್ತೊಂಬತ್ತರ ಹುಡುಗ. ಉಯಿಲಿನಲ್ಲಿರುವುದು ಇವನದೇ ಹೆಸರು. ಮದುವೆಯ ವಯಸ್ಸಿನ ಮಗಳೇ ಇಲ್ಲದ ಮನೆಗೆ ಅಳಿಯ ಎಲ್ಲಿಂದ ಬರಬೇಕು? ಕೌಂಟಿಯ (ಅಲ್ಲಿನ ಜಿಲ್ಲೆಯ) ಮದುವೆ ರಿಜಿಸ್ಟರಿನಲ್ಲಿ, ರೈತನನ್ನು ಮದುವೆಯಾದಾಗಿನ ಈ ವಿಧವೆಯ ಹೆಸರಿನ ಕೊನೆಗೆ ಇದೇ ಹುಡುಗನ ಮನೆತನದ ಹೆಸರು ಕಂಡಾಗ ಗಂಟು ಬಿಚ್ಚಿತು: ಅವಳ ಮೊದಲ ಗಂಡನ ಮಗ ಅವನು. ಆ ಕಾಲದ ಇಂಗ್ಲಿಷಿನಲ್ಲಿ ‘ಇನ್ ಲಾ’ ಎಂಬುದು ಮಲಸಂಬಂಧಕ್ಕೂ ಸಲ್ಲುತ್ತಿತ್ತು. ಮಲತಾಯಿಯೂ ‘ಮದರ್ ಇನ್ ಲಾ’ ಆಗುತ್ತಿದ್ದಳು.

ಹೀಗಾಗಿ ‘ಮಲಮಗ’ ಎಂದು ಬರೆದಿದ್ದೇನೆ. ಬರೆದ ಮೇಲೂ ಮನಸ್ಸು ಒಪ್ಪುತ್ತಿಲ್ಲ. ‘ಮಲತಾಯಿ ಧೋರಣೆ’ ಎಂದು ಪತ್ರಿಕೆಗಳು ದಿನಾ ಬರೆದು ಬರೆದು ‘ಮಲ’ಕ್ಕೆ ಕಹಿ ಅಂಟಿಬಿಟ್ಟಿದೆ. ಕುದುರೆ, ನೇಗಿಲು ಕೊಟ್ಟು ಹೋದವನ ಬಾಯಲ್ಲಿ ಆ ಕಹಿಯನ್ನು ಹೇಗೆ ಇಡುವುದು?

ಗೋರಿಕಲ್ಲುಗಳ ಕಥೆ ಇನ್ನೊಂದು. ಮೊದಲ ಹೆಂಡತಿಯ ಕಲ್ಲಿನಲ್ಲಿ ‘ಕನ್ಸಾರ್ಟ್’ ಎಂದಿದೆ, ಎರಡನೆಯವಳದರಲ್ಲಿ ‘ರೆಲಿಕ್ಟ್’. ಗಂಡ ಬದುಕಿರುವಾಗಲೇ ಹೋದವಳು ಕನ್ಸಾರ್ಟ್, ಗಂಡ ಸತ್ತು ಹಿಂದೆ ಉಳಿದವಳು ರೆಲಿಕ್ಟ್. ಯಾರು ಮೊದಲು ಹೋದರು ಎಂಬುದು ತಾರೀಖು ಅಳಿಸಿಹೋಗಿದ್ದರೂ ತಿಳಿಯುತ್ತದೆ. ಮೊದಲನೆಯದಕ್ಕೆ ನಮ್ಮ ‘ಮುತ್ತೈದೆ ಸಾವು’ ಅರ್ಥದಲ್ಲಿ ಕರಾರುವಾಕ್ಕು, ಆದರೆ ಓಹಾಯೋದ ರೈತಗಿತ್ತಿಗೆ ಅರಿಶಿನ ಕುಂಕುಮ ಹಚ್ಚಿದಂತಾಗುತ್ತದೆ. ‘ಪತಿಗಿಂತ ಮೊದಲು ತೀರಿಕೊಂಡ ಪತ್ನಿ’ ಎಂದು ಉದ್ದಕ್ಕೆ ಬರೆದು ಕೈ ತೊಳೆದುಕೊಂಡಿದ್ದೇನೆ.

ಕೋರ್ಟಿನ ಕಾಗದದಲ್ಲಿ ಆ ಇಬ್ಬರು ಹುಡುಗಿಯರು ‘ಆರ್ಫನ್’. ತಾಯಿ ಅದೇ ಮನೆಯಲ್ಲಿ ಗಟ್ಟಿಮುಟ್ಟಾಗಿ ಇದ್ದಾಳೆ! ತಂದೆ ಸತ್ತರೆ ಸಾಕು, ಆಗಿನ ಕೋರ್ಟಿನ ಭಾಷೆಯಲ್ಲಿ ಮಗು ಆರ್ಫನ್. ಆಸ್ತಿಗೆ ಪಾಲಕನನ್ನು ನೇಮಿಸಬೇಕಿತ್ತು. ಕನ್ನಡದ ‘ತಬ್ಬಲಿ’ ಇದಕ್ಕೆ ತದ್ವಿರುದ್ಧ, ಆ ಪದ ಕೇಳಿದರೆ ಮೊದಲು ನೆನಪಾಗುವುದು ತಾಯಿಯಿಲ್ಲದ ಕರು. ‘ತಂದೆಯಿಲ್ಲದ ಮಕ್ಕಳು’ ಎಂದೇ ಇರಲಿ ಅನಿಸುತ್ತದೆ. ಬೇರೆ ಅಭಿಪ್ರಾಯವಿದ್ದರೆ ತಿಳಿಸಿ.

‘ಜೂನಿಯರ್’ ತೊಂದರೆ ಕೊಡಲಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಚಿಕ್ಕವನು ಜೂನಿಯರ್ ಆಗುತ್ತಿದ್ದ. ಅವರು ತಂದೆ ಮಗನೇ ಆಗಿರಬೇಕಿಲ್ಲ, ಚಿಕ್ಕಪ್ಪ ಮತ್ತು ಅಣ್ಣನ ಮಗನೂ ಆಗಿರಬಹುದು, ನಂಟೇ ಇಲ್ಲದವರೂ ಆಗಿರಬಹುದು. ನಮ್ಮ ದೊಡ್ಡ ಸಿದ್ದಯ್ಯ, ಚಿಕ್ಕ ಸಿದ್ದಯ್ಯ ಇದ್ದ ಹಾಗೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕೂಡಿಕೆ, ಉಡಿಕೆ ಎಂಬ ಹೆಣ್ಣಿನ ಮರುಮದುವೆಗಳು ನಡೆಯುತ್ತಿದ್ದ ಸಮುದಾಯಗಳಲ್ಲಿ, ತಾಯಿಯ ಜೊತೆ ಹೊಸ ಮನೆಗೆ ಬಂದ ಮಗನನ್ನು ಏನೆಂದು ಕರೆಯುತ್ತಿದ್ದರು? ಬೈಗುಳವಲ್ಲದ, ಮನೆಮಂದಿಯೇ ಬಳಸುತ್ತಿದ್ದ ಪದ ಬೇಕು. ಉತ್ತರ ಕರ್ನಾಟಕದವರಾಗಲಿ, ಹಳೆಯ ಮೈಸೂರಿನವರಾಗಲಿ, ಹಿರಿಯರ ಬಾಯಲ್ಲಿ ಕೇಳಿದ್ದರೆ ಯಾವ ಊರಿನ ಕಡೆಯದು ಎಂಬುದನ್ನೂ ಸೇರಿಸಿ ಬರೆಯಿರಿ.